ಇಪ್ಪತ್ತೊಂದರ ಗೆರೆ ದಾಟಿದ ಮೇಲೆ: ರೇಚಲ್ ಹೋಮನ್ ಮೂಲಕ ಕೆನಡಾದ ಕರ್ಲಿಂಗ್ ಕಲಿಯೋಣ

ಕೆನಡಾದ ಯಾವುದೇ ಯುವ ಕರ್ಲಿಂಗ್ ಆಟಗಾರರ ಬಗ್ಗೆ ಓದುವಾಗ ಮೊದಲು ಅವರು ಹುಟ್ಟಿದ ದಿನ ಹುಡುಕಿ. ಪದಕಗಳ ಪಟ್ಟಿ ಆಮೇಲೆ ನೋಡಿದರಾಯಿತು. ಜೂನಿಯರ್ ಆಟಕ್ಕೆ ವಯಸ್ಸಿನ ಮಿತಿ ಇದೆ. ವಿಶ್ವ ಜೂನಿಯರ್ ಚಾಂಪಿಯನ್‌ಷಿಪ್ ನಡೆಯುವುದಕ್ಕೆ ಹಿಂದಿನ ವರ್ಷದ ಜೂನ್ 30ಕ್ಕೆ 21 ತುಂಬಿದ್ದರೆ ಆಡುವಂತಿಲ್ಲ. ಆವತ್ತಿನವರೆಗೆ ನಿಮ್ಮ ವಯಸ್ಸಿನವರ ಜೊತೆ ಆಡುತ್ತಿದ್ದಿರಿ. ಮರುದಿನದಿಂದ ಎದುರಿಗೆ ನಿಲ್ಲುವವರು ಒಲಿಂಪಿಕ್ಸ್ ನೋಡಿ ಬಂದವರು, ಇಪ್ಪತ್ತು ವರ್ಷ ಐಸ್ ಮೇಲೆ ಕಳೆದವರು.

ಆ ಗೆರೆ ದಾಟಿದ ಮೇಲೆ ಯಾರ ಜೊತೆ ಆಡುತ್ತೀರಿ? ನನ್ನ ಪ್ರಕಾರ ಕೆನಡಾದ ಕರ್ಲಿಂಗ್ ಬದುಕೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಸುತ್ತುತ್ತದೆ. ಒಟ್ಟಾವಾದ ರೇಚಲ್ ಹೋಮನ್ ಅವರನ್ನು ಹಿಡಿದು ನೋಡಿದರೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಅವರು ಹುಟ್ಟಿದ್ದು 1989ರ ಏಪ್ರಿಲ್ 5ರಂದು. ಅಂದರೆ 2010 ಅವರ ಕೊನೆಯ ಜೂನಿಯರ್ ವರ್ಷ.

ಆಟ ಗೊತ್ತಿಲ್ಲದವರಿಗೆ ಇಷ್ಟು ಸಾಕು

ಸುಮಾರು 45 ಮೀಟರ್ ಉದ್ದದ ಐಸ್ ಪಟ್ಟಿ. ಅದರ ಎರಡೂ ತುದಿಯಲ್ಲಿ ಒಂದರೊಳಗೊಂದು ವೃತ್ತಗಳು. ಇದಕ್ಕೆ ಹೌಸ್ ಅನ್ನುತ್ತಾರೆ, ಹೊರ ವೃತ್ತದ ಅಗಲ 3.66 ಮೀಟರ್. ಹೆಚ್ಚೆಂದರೆ 20 ಕಿಲೋ ತೂಗುವ ಗ್ರಾನೈಟ್ ಕಲ್ಲನ್ನು ಈ ತುದಿಯಿಂದ ಜಾರಿಸಿ ಆ ತುದಿಯ ಹೌಸ್‌ನಲ್ಲಿ ನಿಲ್ಲಿಸಬೇಕು. ತಂಡದಲ್ಲಿ ನಾಲ್ವರು, ಒಬ್ಬೊಬ್ಬರಿಗೆ ಎರಡೆರಡು ಕಲ್ಲು. ಎರಡೂ ತಂಡದ 16 ಕಲ್ಲು ಮುಗಿದರೆ ಒಂದು ಎಂಡ್. ದೊಡ್ಡ ಪಂದ್ಯದಲ್ಲಿ ಇಂಥ 10 ಎಂಡ್ ಇರುತ್ತವೆ.

ಒಂದು ಎಂಡ್‌ನಲ್ಲಿ ಅಂಕ ಸಿಗುವುದು ಒಂದೇ ತಂಡಕ್ಕೆ. ಎದುರಾಳಿಯ ಅತಿ ಹತ್ತಿರದ ಕಲ್ಲಿಗಿಂತ ನಡುಬಿಂದುವಿಗೆ ಹತ್ತಿರ ನಿಂತ ನಿಮ್ಮ ಕಲ್ಲುಗಳೆಷ್ಟೋ ಅಷ್ಟು ಅಂಕ. ಹಾಗಾಗಿ ಕೊನೆಯ ಕಲ್ಲು ಯಾರದ್ದು ಅನ್ನೋದು ತುಂಬಾ ಮುಖ್ಯ. ಅದಕ್ಕೆ ಹ್ಯಾಮರ್ ಎಂದು ಹೆಸರು. ಅಂಕ ಗಳಿಸಿದರೆ ಮುಂದಿನ ಎಂಡ್‌ನ ಹ್ಯಾಮರ್ ಎದುರಾಳಿಗೆ ಹೋಗುತ್ತದೆ. ಯಾರಿಗೂ ಅಂಕ ಬರದಿದ್ದರೆ ಇದ್ದವರ ಬಳಿಯೇ ಉಳಿಯುತ್ತದೆ. ಹ್ಯಾಮರ್ ಇದ್ದಾಗ ಒಂದೇ ಅಂಕ ತೆಗೆದುಕೊಂಡು ತೃಪ್ತಿಪಡುವುದಕ್ಕಿಂತ, ಎಲ್ಲ ಕಲ್ಲು ಹೊರಗೆ ಹಾಕಿ ಸೊನ್ನೆಗೆ ಮುಗಿಸುವುದೇ ಎಷ್ಟೋ ಸಲ ಲಾಭ. ಮೊದಲ ಸಲ ನೋಡುವವರಿಗೆ ಇದು ವಿಚಿತ್ರ ಅನಿಸುತ್ತದೆ, ಅಲ್ವಾ? ಎರಡು ಪಂದ್ಯ ನೋಡಿದರೆ ಸರಿಹೋಗುತ್ತದೆ.

ಐಸ್ ಮೇಲೆ ನೀರಿನ ಹನಿ ಚಿಮುಕಿಸಿ ಹೆಪ್ಪುಗಟ್ಟಿಸಿರುತ್ತಾರೆ. ಕಲ್ಲು ಈ ಸಣ್ಣ ಗುಳ್ಳೆಗಳ ಮೇಲೆ ಓಡುತ್ತದೆ. ಬಿಡುವಾಗ ಕೊಟ್ಟ ತಿರುವಿನ ಕಡೆಗೆ ನಿಧಾನವಾಗಿ ಬಾಗುತ್ತದೆ. ಮುಂದೆ ಪೊರಕೆಯಿಂದ ಜೋರಾಗಿ ಉಜ್ಜಿದರೆ ಜಾಸ್ತಿ ದೂರ ಹೋಗುತ್ತದೆ, ಬಾಗುವುದು ಕಡಿಮೆಯಾಗುತ್ತದೆ.

ಇನ್ನು ಸ್ಕಿಪ್. ಹೌಸ್‌ನಲ್ಲಿ ನಿಂತು, ಪೊರಕೆ ಹಿಡಿದು, ಎಲ್ಲಿಗೆ ಗುರಿ ಇಡಬೇಕು ಅಂತ ತೋರಿಸುವವರು ಇವರೇ. ಸಾಮಾನ್ಯವಾಗಿ ಕೊನೆಯ ಎರಡು ಕಲ್ಲುಗಳನ್ನೂ ಇವರೇ ಎಸೆಯುತ್ತಾರೆ. ಆದರೆ ಇವೆರಡು ಬೇರೆ ಬೇರೆ ಕೆಲಸ. ಇದನ್ನು ಗುರುತು ಹಾಕಿಕೊಳ್ಳಿ, ಮುಂದೆ ಬೇಕಾಗುತ್ತದೆ.

ಗೆರೆಯ ಈಚೆ

ಹೋಮನ್ ಚಿಕ್ಕಂದಿನಲ್ಲೇ ಒಂಟಾರಿಯೊ ಪ್ರಾಂತ್ಯದ ಬ್ಯಾಂಟಮ್ (ಜೂನಿಯರ್‌ಗಿಂತ ಚಿಕ್ಕವರ) ಪ್ರಶಸ್ತಿಯನ್ನು 2003ರಿಂದ 2006ರವರೆಗೆ ಸತತ ನಾಲ್ಕು ಸಲ ಗೆದ್ದರು. 2010ರ ಕೆನಡಾ ಜೂನಿಯರ್ ಚಾಂಪಿಯನ್‌ಷಿಪ್‌ನಲ್ಲಿ ಅವರ ತಂಡ ಒಂದೂ ಪಂದ್ಯ ಸೋಲಲಿಲ್ಲ. ತಂಡದಲ್ಲಿದ್ದವರು ಎಮ್ಮಾ ಮಿಸ್ಕ್ಯೂ, ಲಾರಾ ಕ್ರಾಕರ್, ಲಿನ್ ಕ್ರೆವಿಯಾಜುಕ್. ಆಮೇಲೆ ಸ್ವಿಟ್ಜರ್ಲೆಂಡ್‌ನ ಫ್ಲಿಮ್ಸ್‌ನಲ್ಲಿ ನಡೆದ ವಿಶ್ವ ಜೂನಿಯರ್ ಫೈನಲ್‌ನಲ್ಲಿ ಸ್ವೀಡನ್ ಎದುರು ಸೋತು ಬೆಳ್ಳಿ ಪಡೆದರು. ಸ್ವೀಡನ್ ತಂಡದ ಸ್ಕಿಪ್ ಆನ್ನಾ ಹಾಸೆಲ್‌ಬೊರಿ. ಈ ಹೆಸರು ಮತ್ತೆ ಬರುತ್ತದೆ.

ಮುಂದಿನ ತಿಂಗಳೇ ಅವರಿಗೆ 21 ತುಂಬಿತು.

ಗೆರೆಯ ಆಚೆ ಎರಡು ದಾರಿ

ಒಂದು ದಾರಿ, ಹಿರಿಯ ಸ್ಕಿಪ್ ಒಬ್ಬರ ತಂಡ ಸೇರುವುದು. ಕೇಟ್ಲಿನ್ ಲಾಸ್ ಹಾಗೆ ಮಾಡಿದರು. ವಿನ್ನಿಪೆಗ್‌ನವರಾದ ಅವರು ಹುಟ್ಟಿದ್ದು 1988ರ ಡಿಸೆಂಬರ್‌ನಲ್ಲಿ, ಹೋಮನ್‌ಗಿಂತ ನಾಲ್ಕು ತಿಂಗಳು ಕೂಡ ದೊಡ್ಡವರಲ್ಲ. 2008 ಮತ್ತು 2009ರಲ್ಲಿ ಸ್ಕಿಪ್ ಆಗಿ ಕೆನಡಾ ಜೂನಿಯರ್ ಗೆದ್ದಿದ್ದರು. ಆದರೂ 2010ರಲ್ಲಿ ಜೆನಿಫರ್ ಜೋನ್ಸ್ ತಂಡಕ್ಕೆ ಮೂರನೇ ಆಟಗಾರ್ತಿಯಾಗಿ, ಅಂದರೆ ಸ್ಕಿಪ್‌ಗಿಂತ ಸ್ವಲ್ಪ ಮೊದಲು ಎಸೆಯುವವರಾಗಿ ಹೋದರು.

ಇನ್ನೊಂದು ದಾರಿ, ತನ್ನ ತಂಡವನ್ನೇ ಕಟ್ಟಿಕೊಂಡು ಮೇಲೆ ಹೋಗುವುದು. ಹೋಮನ್ ಇದನ್ನು ಹಿಡಿದರು. ಮಿಸ್ಕ್ಯೂ ಜೊತೆಯಲ್ಲೇ ಉಳಿದರು. ಲಿನ್ ಅವರ ಸಹೋದರಿ ಅಲಿಸನ್ ಕ್ರೆವಿಯಾಜುಕ್ ಮತ್ತು ಲೀಸಾ ವೀಗಲ್ ಬಂದರು. 2011ರಲ್ಲೇ ಈ ಹುಡುಗಿಯರು ಒಂಟಾರಿಯೊ ಪರವಾಗಿ ಕೆನಡಾದ ಮಹಿಳಾ ಚಾಂಪಿಯನ್‌ಷಿಪ್‌ಗೆ ಹೋಗಿ ನಾಲ್ಕನೆಯವರಾದರು. ಈ ಪಂದ್ಯಾವಳಿಗೆ ಪ್ರಾಯೋಜಕರ ಹೆಸರಿಂದ ಸ್ಕಾಟೀಸ್ ಅಂತಲೇ ಕರೆಯುತ್ತಾರೆ. ಪುರುಷರದ್ದಕ್ಕೆ ಬ್ರಯರ್. ಹೆಚ್ಚಾಗಿ ತಮ್ಮ ತಮ್ಮ ಪ್ರಾಂತ್ಯ ಗೆದ್ದು ಬಂದ ತಂಡಗಳು ಇಲ್ಲಿ ಆಡುತ್ತವೆ. ಇಲ್ಲಿ ಗೆದ್ದವರು ಕೆನಡಾ ಹೆಸರಲ್ಲಿ ವಿಶ್ವ ಚಾಂಪಿಯನ್‌ಷಿಪ್‌ಗೆ ಹೋಗುತ್ತಾರೆ. ನಮ್ಮ ಕ್ರಿಕೆಟ್‌ನಂತೆ ಆಯ್ಕೆಗಾರರು ಕೂತು ಬೇರೆ ಬೇರೆ ತಂಡದಿಂದ ಒಬ್ಬೊಬ್ಬರನ್ನು ಆರಿಸುವುದಿಲ್ಲ, ಗೆದ್ದ ತಂಡವೇ ಇಡಿಯಾಗಿ ದೇಶದ ತಂಡ. ಅದಕ್ಕೇ ಇಲ್ಲಿ ಜೊತೆಗಾರರ ಪ್ರಶ್ನೆ ಇಷ್ಟು ದೊಡ್ಡದು.

ಲೀಸಾ ವೀಗಲ್ ಬಗ್ಗೆ ಸ್ವಲ್ಪ ನಿಲ್ಲಬೇಕು. ಅವರು ಲೀಡ್, ಅಂದರೆ ಎಂಡ್‌ನ ಮೊದಲ ಎರಡು ಕಲ್ಲು ಅವರದ್ದು. ಟಿವಿಯಲ್ಲಿ ಲೀಡ್ ಆಟಗಾರರ ಮೇಲೆ ಯಾರೂ ಜಾಸ್ತಿ ಗಮನ ಇಡುವುದಿಲ್ಲ. ಹೌಸ್‌ನ ಮುಂದೆ ಕಾವಲಿಗೆ ನಿಲ್ಲಿಸಿದ ಎದುರಾಳಿಯ ಕಲ್ಲನ್ನು ಆರಂಭದಲ್ಲಿ ಆಟದಿಂದ ಹೊರಗೆ ತಳ್ಳುವಂತಿಲ್ಲ. ಆದರೆ ಹಗುರವಾಗಿ ತಾಗಿಸಿ ಪಕ್ಕಕ್ಕೆ ಸರಿಸಬಹುದಿತ್ತು. ಇದು ಟಿಕ್ ಶಾಟ್. ಕೂದಲೆಳೆಯಷ್ಟು ಜಾಸ್ತಿ ತಾಗಿದರೂ ಕಲ್ಲು ಹೊರಗೆ ಹೋಗಿ ತಪ್ಪಾಗುತ್ತದೆ. ವೀಗಲ್ ಇದನ್ನು ಎಷ್ಟು ಚೆನ್ನಾಗಿ ಆಡುತ್ತಿದ್ದರೆಂದರೆ ಆ ಹೊಡೆತಕ್ಕೇ ಜನ ವೀಗಲ್ ಎಂದು ಹೆಸರಿಟ್ಟರು. ಮುಂದಿರುವ ತಂಡ ಕೊನೆಯ ಎಂಡ್‌ಗಳಲ್ಲಿ ಹೀಗೆ ಕಾವಲು ಬಿಡಿಸಿದರೆ ಹಿಂದಿರುವವರಿಗೆ ಅವಕಾಶವೇ ಉಳಿಯುವುದಿಲ್ಲ. ಕೊನೆಗೆ ನಡುಗೆರೆಯ ಮೇಲಿನ ಕಾವಲು ಕಲ್ಲನ್ನು ಹೀಗೆ ಸರಿಸಬಾರದು ಅಂತ ನಿಯಮವೇ ಬಂತು.

2013ರಲ್ಲಿ ಕಿಂಗ್‌ಸ್ಟನ್‌ನಲ್ಲಿ ನಡೆದ ಸ್ಕಾಟೀಸ್ ಫೈನಲ್‌ನಲ್ಲಿ ಹೋಮನ್ ತಂಡ 9–6ರಿಂದ ಗೆದ್ದಿತು. ಎದುರಾಳಿ ಯಾರು ಗೊತ್ತಾ? ಜೆನಿಫರ್ ಜೋನ್ಸ್, ಮೂರನೆಯವರಾಗಿ ಕೇಟ್ಲಿನ್. ಎರಡು ದಾರಿಗಳೂ ಒಂದೇ ಐಸ್ ಮೇಲೆ ಎದುರಾದವು. ಹೋಮನ್‌ಗೆ ಆಗ 23. ಆದರೆ ಅದೇ ವರ್ಷದ ಡಿಸೆಂಬರ್‌ನಲ್ಲಿ ವಿನ್ನಿಪೆಗ್‌ನಲ್ಲಿ ಒಲಿಂಪಿಕ್ಸ್ ಅರ್ಹತಾ ಪಂದ್ಯಗಳು ನಡೆದಾಗ ಗೆದ್ದದ್ದು ಜೋನ್ಸ್. 2014ರಲ್ಲಿ ಸೋಚಿಯಲ್ಲಿ ಒಂದೂ ಸೋಲಿಲ್ಲದೆ ಚಿನ್ನ. ಕೇಟ್ಲಿನ್‌ಗೆ 25ನೇ ವಯಸ್ಸಿಗೇ ಒಲಿಂಪಿಕ್ ಚಿನ್ನ ಸಿಕ್ಕಿತು. ಹೋಮನ್ ಮನೆಯಲ್ಲಿದ್ದರು.

ಹಾಗಾದರೆ ಮೊದಲ ದಾರಿಯೇ ಒಳ್ಳೆಯದಾ? ಬೇಗ ಫಲ ಕೊಡುವುದಂತೂ ನಿಜ. ಪುರುಷರಲ್ಲಿ ಟೈಲರ್ ಟಾರ್ಡಿ ನೋಡಿ. 2017ರಿಂದ 2019ರವರೆಗೆ ಸತತ ಮೂರು ಕೆನಡಾ ಜೂನಿಯರ್ ಪ್ರಶಸ್ತಿ, 2018 ಮತ್ತು 2019ರಲ್ಲಿ ವಿಶ್ವ ಜೂನಿಯರ್ ಚಿನ್ನ, ಎಲ್ಲವೂ ಸ್ಕಿಪ್ ಆಗಿಯೇ. ಅಂಥವರೂ 2022ರಲ್ಲಿ ಕೆವಿನ್ ಕೋ ತಂಡಕ್ಕೆ ಮೂರನೆಯವರಾಗಿ ಸೇರಿದರು. ಇದನ್ನು ಹಿನ್ನಡೆ ಅಂತ ಓದಬೇಡಿ. ನಾಲ್ಕು ಸಲ ಬ್ರಯರ್ ಗೆದ್ದವರ ಪಕ್ಕದಲ್ಲಿ ನಿಂತು ಐಸ್ ಓದುವುದನ್ನು ಕಲಿಯುವುದು ಬೇರೆಲ್ಲೂ ಸಿಗದ ಪಾಠ. ಹೋಮನ್ ದಾರಿಯಲ್ಲಿ ಆ ಪಾಠವನ್ನು ಸೋತೇ ಕಲಿಯಬೇಕು.

ಸೋಲುಗಳ ವರ್ಷಗಳು

2014ರಲ್ಲಿ ಮತ್ತೆ ಸ್ಕಾಟೀಸ್ ಗೆದ್ದರು, ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ ಬಂತು. ಆಮೇಲೆ ಅಲಿಸನ್ ಜಾಗಕ್ಕೆ ಜೋನ್ ಕೋರ್ಟ್ನಿ ಬಂದರು. 2017 ಹೋಮನ್ ತಂಡದ ವರ್ಷ: ಸ್ಕಾಟೀಸ್, ಬೀಜಿಂಗ್‌ನಲ್ಲಿ 13ಕ್ಕೆ 13 ಪಂದ್ಯ ಗೆದ್ದು ವಿಶ್ವ ಚಿನ್ನ, ಡಿಸೆಂಬರ್‌ನಲ್ಲಿ ತವರೂರು ಒಟ್ಟಾವಾದಲ್ಲೇ ಒಲಿಂಪಿಕ್ಸ್ ಟಿಕೆಟ್.

ಎರಡು ತಿಂಗಳ ನಂತರ ಪ್ಯೊಂಗ್‌ಚಾಂಗ್‌ನಲ್ಲಿ ಮೊದಲ ಮೂರೂ ಪಂದ್ಯ ಸೋತರು. ಕೊರಿಯಾ, ಸ್ವೀಡನ್, ಡೆನ್ಮಾರ್ಕ್. ಸ್ವೀಡನ್‌ನ ಸ್ಕಿಪ್ ಅದೇ ಹಾಸೆಲ್‌ಬೊರಿ, ಕೊನೆಗೆ ಚಿನ್ನ ಗೆದ್ದವರೂ ಅವರೇ. ಡೆನ್ಮಾರ್ಕ್ ಪಂದ್ಯದಲ್ಲಿ ಎದುರಾಳಿಯ ಪೊರಕೆ ಅವರದೇ ಕಲ್ಲಿಗೆ ತಾಗಿತು. ಇಂಥ ಸಮಯದಲ್ಲಿ ಏನು ಮಾಡಬೇಕೆಂದು ನಿರ್ಧರಿಸುವ ಹಕ್ಕು ಮತ್ತೊಂದು ತಂಡಕ್ಕೆ ಇರುತ್ತದೆ. ಹೋಮನ್ ಆ ಕಲ್ಲನ್ನೇ ಎತ್ತಿ ಹೊರಗಿಟ್ಟರು. ನಿಯಮದಂತೆ ಸರಿ. ಆದರೆ ಕರ್ಲಿಂಗ್‌ನಲ್ಲಿ ಇಂಥ ಹಕ್ಕನ್ನು ಸಡಿಲವಾಗಿ ಬಳಸುವುದೇ ಮರ್ಯಾದೆ ಅನ್ನುವ ರೂಢಿ ಇದೆ, ಹಾಗಾಗಿ ಟೀಕೆ ಬಂತು. ನನಗಂತೂ ಅದರಲ್ಲಿ ಕಂಡದ್ದು ಒತ್ತಡ. ಒಟ್ಟು 4 ಗೆಲುವು, 5 ಸೋಲು. 1998ರಿಂದ ಪ್ರತಿ ಸಲವೂ ಪದಕ ತಂದಿದ್ದ ಕೆನಡಾದ ಮಹಿಳಾ ತಂಡ ಮೊದಲ ಸಲ ಬರಿಗೈಲಿ ಬಂತು. ಅದೇ ಕ್ರೀಡಾಕೂಟದಲ್ಲಿ ಕೇಟ್ಲಿನ್, ಜಾನ್ ಮಾರಿಸ್ ಜೊತೆ ಮಿಕ್ಸೆಡ್ ಡಬಲ್ಸ್ ಚಿನ್ನ ಗೆದ್ದರು.

ಮುಂದೆ 2019, 2020, 2021. ಮೂರು ವರ್ಷವೂ ಸ್ಕಾಟೀಸ್ ಫೈನಲ್, ಮೂರು ಸಲವೂ ಸೋಲು. 2019ರದ್ದು ನೋವಾ ಸ್ಕಾಟಿಯಾದ ಸಿಡ್ನಿಯಲ್ಲಿ ಚೆಲ್ಸಿ ಕ್ಯಾರಿ ಎದುರು ಹೆಚ್ಚುವರಿ ಎಂಡ್‌ನಲ್ಲಿ. ಮುಂದಿನ ಎರಡೂ ಕೆರಿ ಐನಾರ್ಸನ್ ಎದುರು. 2021ರ ಫೈನಲ್ ಆಡುವಾಗ ಹೋಮನ್ ಎಂಟು ತಿಂಗಳ ಗರ್ಭಿಣಿ. ಕಲ್ಲು ಬಿಡುವಾಗ ಮೈಯನ್ನು ಐಸ್‌ಗೆ ಎಷ್ಟು ತಗ್ಗಿಸಬೇಕು ಅನ್ನೋದು ಗೊತ್ತಿದ್ದವರಿಗೆ ಇದು ಎಂಥ ಕೆಲಸ ಅಂತ ಅರ್ಥವಾಗುತ್ತದೆ. 2022ರಲ್ಲಿ ಬೀಜಿಂಗ್‌ನಲ್ಲಿ ಮಾರಿಸ್ ಜೊತೆ ಮಿಕ್ಸೆಡ್ ಡಬಲ್ಸ್ ಆಡಿದರು, ಅಲ್ಲೂ ಸೆಮಿಫೈನಲ್ ತಲುಪಲಿಲ್ಲ.

ಪೊರಕೆ ಕೈ ಬದಲಾದದ್ದು

ಮೊದಲು ಗುರುತು ಹಾಕಿಕೊಂಡದ್ದು ಈಗ ಬೇಕು. 2022ರಲ್ಲಿ ಟ್ರೇಸಿ ಫ್ಲೂರಿ ತಂಡಕ್ಕೆ ಬಂದರು. ಅವರೂ ಸ್ಕಿಪ್, ಹಿಂದಿನ ಒಲಿಂಪಿಕ್ಸ್ ಅರ್ಹತಾ ಫೈನಲ್‌ನಲ್ಲಿ ಜೋನ್ಸ್ ಎದುರು ಹೆಚ್ಚುವರಿ ಎಂಡ್‌ನಲ್ಲಿ ಸೋತವರು. ಹೋಮನ್ ಕೊನೆಯ ಕಲ್ಲುಗಳನ್ನು ತನ್ನಲ್ಲೇ ಇಟ್ಟುಕೊಂಡು, ಹೌಸ್‌ನಲ್ಲಿ ಪೊರಕೆ ಹಿಡಿದು ಆಟ ನಡೆಸುವ ಕೆಲಸವನ್ನು ಫ್ಲೂರಿಗೆ ಬಿಟ್ಟುಕೊಟ್ಟರು. ಬಾಲ್ಯದಿಂದ ತಾನೇ ನಡೆಸಿದ ತಂಡ ಅದು. ಅವರ ಇಡೀ ಆಟದ ಬದುಕಿನಲ್ಲಿ ನನಗೆ ಅತಿ ದೊಡ್ಡದಾಗಿ ಕಾಣುವುದು ಈ ನಿರ್ಧಾರ. ಪೊರಕೆ ಮುಂದೆ ಮತ್ತೆ ಹೋಮನ್ ಕೈಗೇ ಬಂತು. ಆದರೆ ಈಗ ಪಕ್ಕದಲ್ಲಿ ಇನ್ನೊಬ್ಬ ಸ್ಕಿಪ್‌ನ ತಲೆಯೂ ಇತ್ತು. ತಾನು ಹಿಡಿಯದ ದಾರಿಯ ಪಾಠ ಕೊನೆಗೂ ಸಿಕ್ಕಿತು ಅನ್ನಬಹುದು.

2024ರಲ್ಲಿ ಕ್ಯಾಲ್ಗರಿಯ ಸ್ಕಾಟೀಸ್ ಫೈನಲ್. ಎದುರಿಗೆ ಮತ್ತೆ ಜೆನಿಫರ್ ಜೋನ್ಸ್, ಇದು ತನ್ನ ಕೊನೆಯ ಸ್ಕಾಟೀಸ್ ಎಂದು ಹೇಳಿ ಬಂದಿದ್ದರು. ಹೋಮನ್ 5–4ರಿಂದ ಗೆದ್ದರು. ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು ಸಿಡ್ನಿಯಲ್ಲಿ, ಹೌದು, 2019ರಲ್ಲಿ ಸೋತ ಅದೇ ಊರು. ಸತತ ನಾಲ್ಕು ಸಲ ಗೆದ್ದಿದ್ದ ಸ್ವಿಟ್ಜರ್ಲೆಂಡ್‌ನ ಸಿಲ್ವಾನಾ ಟಿರಿನ್ಜೋನಿ ತಂಡವನ್ನು 7–5ರಿಂದ ಸೋಲಿಸಿ ಚಿನ್ನ ಗೆದ್ದರು. 2025ರಲ್ಲಿ ಐನಾರ್ಸನ್ ಎದುರು ಗೆದ್ದು ಐದನೇ ಸ್ಕಾಟೀಸ್, ಕೊರಿಯಾದಲ್ಲಿ ಮತ್ತೊಂದು ವಿಶ್ವ ಚಿನ್ನ.

ಕ್ಯಾಲ್ಗರಿಯ ಫೈನಲ್ ನೋಡಲು ಸಿಕ್ಕರೆ, ಕಲ್ಲಿನ ಹಿಂದೆ ಕಣ್ಣು ಓಡಿಸುವುದನ್ನು ಒಂದು ಎಂಡ್ ಬಿಟ್ಟುಬಿಡಿ. ಯಾರು ಪೊರಕೆ ಹಿಡಿದಿದ್ದಾರೆ, ಯಾರು ಯಾರನ್ನು ಕೇಳುತ್ತಿದ್ದಾರೆ, ಅದನ್ನಷ್ಟೇ ಬರೆದುಕೊಳ್ಳಿ. ಲೀಡ್ ಸಾರಾ ವಿಲ್ಕ್ಸ್, 2020ರಲ್ಲಿ ವೀಗಲ್ ಜಾಗಕ್ಕೆ ಬಂದವರು. ಎರಡನೆಯವರಾಗಿ ಎಸೆದು, ಉಳಿದವರ ಕಲ್ಲಿಗೆ ಉಜ್ಜುತ್ತಿರುವವರು ಎಮ್ಮಾ ಮಿಸ್ಕ್ಯೂ.