ಭೋಪಾಲ್ ಡಾಕ್ಯುಮೆಂಟರಿ ನೋಡುವಾಗ ನಮ್ಮವರಿಗೆ ಎಂತ ಆಯ್ತು: ಸೈಕಾಲಜಿ ನೋಟ್ಸ್

ಇಂಟರ್ನಲ್ಸ್‌ಗೆ "ರಾಷ್ಟ್ರೀಯ ದುರಂತದ ಸಾಕ್ಷ್ಯಚಿತ್ರಕ್ಕೆ ಯುವಜನರ ಭಾವನಾತ್ಮಕ ಪ್ರತಿಕ್ರಿಯೆ" ಅಂತ ಒಂದು ಟಾಪಿಕ್ ಉಂಟಲ್ಲ, ಅದಕ್ಕೆ ಹೆಚ್ಚಿನವರು "ವಿದ್ಯಾರ್ಥಿಗಳು ದುಃಖಿತರಾದರು, ಕೆಲವರು ಕಣ್ಣೀರಿಟ್ಟರು" ಅಂತ ಎರಡು ಲೈನ್ ಬರೆದು ಉಳಿದ ಪೇಜಿಗೆ ದುರಂತದ ಇತಿಹಾಸ ತುಂಬಿಸ್ತಾರೆ. ಮಾರ್ಕ್ ಸಿಗ್ಬಹುದು, ಆದ್ರೆ ಪ್ರಶ್ನೆಗೆ ಉತ್ತರ ಅದಲ್ಲ. ಕಾಲೇಜಿನ ಎವಿ ಹಾಲ್‌ನಲ್ಲಿ ಭೋಪಾಲ್ ಫಿಲ್ಮ್ ಹಾಕಿದಾಗ ನಾನು ಸ್ಕ್ರೀನಿಗಿಂತ ಜಾಸ್ತಿ ನೋಡಿದ್ದು ಕೂತವರ ಮುಖ. ದುಃಖ, ಸಿಟ್ಟು, ಹೆದರಿಕೆ ಮೂರೂ ಬಂತು, ಆದ್ರೆ ಒಟ್ಟಿಗೆ ಬರ್ಲಿಲ್ಲ, ಫಿಲ್ಮ್ ಯಾವಾಗ ಎಂತ ತೋರಿಸ್ತದೆ ಅದರ ಮೇಲೆ ಬಂತು. ಇಷ್ಟು ಹಿಡ್ಕೊಂಡ್ರೆ ಉಳಿದ ಥಿಯರಿ ಎಲ್ಲ ಜಾಗದಲ್ಲಿ ಕೂರ್ತದೆ.

ಹಿನ್ನೆಲೆ ಚುಟುಕಾಗಿ. 1984 ಡಿಸೆಂಬರ್ 2-3ರ ರಾತ್ರಿ, ಭೋಪಾಲಿನ ಯೂನಿಯನ್ ಕಾರ್ಬೈಡ್ ಕೀಟನಾಶಕ ಫ್ಯಾಕ್ಟರಿ, ಇ610 ನಂಬರಿನ ಟ್ಯಾಂಕಿಗೆ ನೀರು ಸೇರಿ ಒಳಗಿದ್ದ ಮಿಥೈಲ್ ಐಸೊಸೈನೇಟ್ ಅಂತ ವಿಷ ರಾಸಾಯನಿಕ ಕುದಿದು ಸುಮಾರು 40 ಟನ್ ಗ್ಯಾಸ್ ಊರ ಮೇಲೆ ಹರಡಿತು. ಸರ್ಕಾರಿ ಲೆಕ್ಕದಲ್ಲೇ ಸತ್ತವರು 3,787, ತೊಂದರೆ ಆದವರು 5,58,125. ಬದುಕುಳಿದವರ ಸಂಘಟನೆಗಳು ಸತ್ತವರ ಸಂಖ್ಯೆ ಇದಕ್ಕಿಂತ ಎಷ್ಟೋ ಜಾಸ್ತಿ ಅಂತಲೇ ಹೇಳ್ಕೊಂಡು ಬಂದಿದ್ದಾರೆ.

ಈಗ ಈ ನಂಬರ್ ಓದುವಾಗ ನಿಮಗೆ ಎಂತಾದ್ರೂ ಆಯ್ತಾ? ಹಾಲ್‌ನಲ್ಲೂ ಯಾರಿಗೂ ಎಂತ ಆಗ್ಲಿಲ್ಲ, ಕೆಲವರು ಆ ಹೊತ್ತಿಗೆ ಫೋನ್ ತೆಗೆದ್ರು. ಅದೇ ಮಣ್ಣಲ್ಲಿ ಅರ್ಧ ಹೂತ ಮಗುವಿನ ಮುಖದ ಫೋಟೊ ಬಂತು ನೋಡಿ (ರಘು ರೈ ಮತ್ತೆ ಪಾಬ್ಲೊ ಬಾರ್ತೊಲೊಮ್ಯೂ ಇಬ್ಬರೂ ಅದೇ ಮಗುವಿನ ಫೋಟೊ ತೆಗೆದಿದ್ರು, ಬಾರ್ತೊಲೊಮ್ಯೂ ಅವರದ್ದಕ್ಕೆ ವರ್ಲ್ಡ್ ಪ್ರೆಸ್ ಫೋಟೊ ಪ್ರಶಸ್ತಿ ಬಂತು), ಕಣ್ಣು ತೆರೆದೇ ಉಂಟು, ದೊಡ್ಡವರೊಬ್ಬರ ಕೈ ಮುಖದ ಹತ್ರ ಉಂಟು, ಇಡೀ ಹಾಲ್ ಗಪ್‌ಚಿಪ್. ನನ್ನ ಮುಂದಿನ ಸಾಲಲ್ಲಿದ್ದವಳು ಶಾಲಿನ ತುದಿಯನ್ನು ಬಾಯಿಗೆ ಒತ್ತಿ ಹಿಡಿದವಳು ಆ ಫೋಟೊ ಹೋಗಿ ಬೇರೆ ಸೀನ್ ಬಂದ್ರೂ ಕೈ ಇಳಿಸ್ಲೇ ಇಲ್ಲ. ಸೈಕಾಲಜಿಸ್ಟ್ ಪಾಲ್ ಸ್ಲೊವಿಕ್ ಹೇಳುದು ಇದನ್ನೇ, ನಂಬರ್ ಬೆಳೆದ ಹಾಗೆ ಮನಸ್ಸು ಜಡ ಆಗ್ತದೆ. 2007ರಲ್ಲಿ ಸ್ಮಾಲ್, ಲೊವೆನ್‌ಸ್ಟೈನ್, ಸ್ಲೊವಿಕ್ ಮೂವರ ಪ್ರಯೋಗದಲ್ಲಿ ರೊಕಿಯಾ ಅಂತ ಒಬ್ಬಳೇ ಹುಡುಗಿಯ ಕಥೆ ಕೊಟ್ಟಾಗ ಜನ ಹೆಚ್ಚು ದುಡ್ಡು ಕೊಟ್ರು, ಲಕ್ಷಗಟ್ಟಲೆ ಜನರ ಅಂಕಿಅಂಶ ಕೊಟ್ಟಾಗ ಕಮ್ಮಿ, ತಮಾಷೆ ಎಂತ ಅಂದ್ರೆ ರೊಕಿಯಾಳ ಕಥೆಯ ಜೊತೆಗೇ ಅಂಕಿಅಂಶ ಸೇರಿಸಿ ಕೊಟ್ರೂ ಕಮ್ಮಿಯೇ ಆಯ್ತು. ಹಾಗಾಗಿ ಫೋನ್ ತೆಗೆದವರಿಗೆ ಮನಸ್ಸೇ ಇಲ್ಲ ಅಂತ ಬರೀಬೇಡಿ, ಅವರೇ ಫೋಟೊ ಬಂದಾಗ ಫೋನ್ ಉಲ್ಟಾ ಇಟ್ಟದ್ದು.

ದುಃಖದಲ್ಲೂ ಎರಡು ಥರ ಉಂಟು, ಎಕ್ಸಾಮಲ್ಲಿ ಇದನ್ನು ಬಿಡ್ಲೇಬೇಡಿ, ಈ ವ್ಯತ್ಯಾಸ ತೋರಿಸಿದ ಸೈಕಾಲಜಿಸ್ಟ್ ಡೇನಿಯಲ್ ಬ್ಯಾಟ್ಸನ್ ಹೆಸರು ಹಾಕಿ. ಒಂದು, ಆ ಜನಕ್ಕೋಸ್ಕರ ಬೇಜಾರಾಗುದು, ಅದರಿಂದ ಸಹಾಯ ಮಾಡುವ ಮನಸ್ಸು ಬರ್ತದೆ. ಇನ್ನೊಂದು, ನೋಡುವ ನನಗೇ ಸಂಕಟ ಆಗಿ ಇಲ್ಲಿಂದ ಎದ್ದು ಹೋದ್ರೆ ಸಾಕು ಅನ್ಸುದು. ಆಸ್ಪತ್ರೆಯ ಸೀನ್‌ಗೆ ಒಬ್ಬ ಎದ್ದು ಹೋದ, ಆಮೇಲೆ ಕೇಳಿದ್ರೆ "ಆಗುದಿಲ್ಲ ಮಾರಾಯ, ಉಸಿರು ಕಟ್ಟಿದ ಹಾಗಾಯ್ತು" ಅಂದ. ಇದು ಎರಡನೇದು.

ಸಾಲಾಗಿ ಮಲಗಿಸಿದ ಹೆಣಗಳ ಬಟ್ಟೆ ಎತ್ತಿ ಎತ್ತಿ ಮನೆಯವರು ಗುರುತು ಹುಡುಕುವ ಸೀನ್‌ಗೆ ಅತ್ತವರಲ್ಲಿ ಒಬ್ಬಳಿಗೆ ಭೋಪಾಲ್ ನೆಪ ಮಾತ್ರ. ಅವಳ ತಲೆಯಲ್ಲಿದ್ದದ್ದು 2010 ಮೇ 22, ಮಂಗಳೂರಿನ ಬಜ್ಪೆಯಲ್ಲಿ ದುಬೈ ವಿಮಾನ ಕೆಂಜಾರಿನ ಕಣಿವೆಗೆ ಬಿದ್ದು 158 ಜನ ಹೋದದ್ದು, ವೆನ್ಲಾಕ್ ಆಸ್ಪತ್ರೆಯಲ್ಲಿ ಹೆಣ ಗುರುತು ಹಿಡಿಯಲಿಕ್ಕೆ ಅವಳ ಮನೆಯವರು ನಿಂತದ್ದು. ಅವಳಿಗೆ ಆಗ ಶಾಲೆಗೆ ಹೋಗುವ ಪ್ರಾಯವೂ ಅಲ್ಲ, ಎಲ್ಲ ಮನೆಯಲ್ಲಿ ಕೇಳಿದ್ದು. ಕರಾವಳಿಯಲ್ಲಿ ಗಲ್ಫಿನಲ್ಲಿ ಒಬ್ಬನಾದ್ರೂ ಇಲ್ಲದ ಮನೆ ಕಮ್ಮಿ, ಹಾಗಾಗಿ ದೂರದ ದುರಂತ ನೋಡುವಾಗಲೂ ಹತ್ತಿರದ್ದೇ ಎದ್ದು ಬರ್ತದೆ. ಫಿಲ್ಮ್ ಎಲ್ಲರಿಗೂ ಒಂದೇ ಆದ್ರೂ ಎಲ್ಲರೂ ನೋಡುವ ದುರಂತ ಒಂದೇ ಅಲ್ಲ.

ಇನ್ನು ನಗು. ಇದಕ್ಕೇ ಲೆಕ್ಚರರ್‌ಗಳಿಗೆ ತಲೆ ಕೆಡುದು. ಹಿಂದಿನ ಬೆಂಚಲ್ಲಿ ಯಾರೋ ಸಣ್ಣಕ್ಕೆ ಎಂತದೋ ಹೇಳಿ ಕಿಸಕ್ ಅಂತ ನಕ್ರು, ಸರ್ ಲೈಟ್ ಹಾಕಿ ಬೈದ್ರು. ನಂಗೆ ಅನ್ಸುದು ಹೀಗೆ: ಯಕ್ಷಗಾನ ಆಟದಲ್ಲಿ ಚಂದ್ರಮತಿ ಲೋಹಿತಾಶ್ವನ ಹೆಣ ಹೊತ್ತು ಅಳುವಾಗ ಅಜ್ಜಿಯಂದಿರು ಸೆರಗಲ್ಲಿ ಕಣ್ಣೊರೆಸ್ತಾರೆ, ಆದ್ರೆ ಅದೇ ರಾತ್ರಿ ಹಾಸ್ಯಗಾರನೂ ಬರ್ತಾನೆ, ನೋಡುವವರಿಗೆ ಉಸಿರು ಬಿಡ್ಲಿಕ್ಕೆ ಜಾಗ ಸಿಗ್ತದೆ. ಮತ್ತೆ ಅಲ್ಲಿ ಸತ್ತ ಮಗು ವೇಷ ಕಳಚಿ ಎದ್ದು ಹೋಗ್ತದೆ ಅಂತಲೂ ಗೊತ್ತುಂಟು, ಶೋಕವು ಸವಿಯುವ ರಸ ಆಗುದು ಆ ದೂರದಿಂದಲೇ. ಡಾಕ್ಯುಮೆಂಟರಿಯಲ್ಲಿ ಆ ದೂರವೂ ಇಲ್ಲ, ಹಾಸ್ಯಗಾರನೂ ಇಲ್ಲ, ಆಗ ಹಿಂದಿನ ಬೆಂಚೇ ಆ ಪಾರ್ಟ್ ಮಾಡ್ತದೆ. ಎಲ್ಲ ನಗುವೂ ಹೀಗೇ ಅಂತಲ್ಲ, ಸುಮ್ನೆ ಮಂಗಾಟ ಮಾಡುವವರೂ ಇರ್ತಾರೆ. ಆದ್ರೆ ಬೊನಾನೊ ಮತ್ತೆ ಕೆಲ್ಟ್‌ನರ್ 1997ರಲ್ಲಿ ಗಂಡನನ್ನೋ ಹೆಂಡತಿಯನ್ನೋ ಕಳಕೊಂಡವರನ್ನು ಮಾತಾಡಿಸಿ ನೋಡಿದಾಗ, ತೀರಿಹೋದವರ ಬಗ್ಗೆ ಹೇಳ್ತಾ ಹೇಳ್ತಾ ನಿಜವಾಗಿ ನಕ್ಕವರೇ ದುಃಖದಿಂದ ಚೇತರಿಸಿಕೊಳ್ಳುದರಲ್ಲಿ ಮುಂದಿದ್ರು.

ಹುಡುಗರು ಕಲ್ಲಿನ ಹಾಗೆ ಕೂತದ್ದಕ್ಕೆ ಬೇರೆ ಥಿಯರಿ. ಗ್ರಾಸ್ ಮತ್ತೆ ಲೆವೆನ್ಸನ್ 1990ರ ದಶಕದಲ್ಲಿ ಜನರಿಗೆ ಫಿಲ್ಮ್ ತೋರಿಸಿ, ಮುಖದಲ್ಲಿ ಎಂತದೂ ತೋರಿಸ್ಬೇಡಿ ಅಂತ ಹೇಳಿ ಅಳೆದು ನೋಡಿದ್ರು. ಮುಖ ಸುಮ್ಮನಿತ್ತು, ಒಳಗಿನ ಸಂಕಟ ಕಮ್ಮಿ ಆಗ್ಲಿಲ್ಲ, ದೇಹದ ಒತ್ತಡ ಉಲ್ಟಾ ಜಾಸ್ತಿಯೇ ಆಯ್ತು. ಅಳುದು ಹೆಂಗಸರ ಕೆಲಸ ಅಂತ ಕೇಳಿ ಬೆಳೆದವನು ಎವಿ ಹಾಲಲ್ಲಿ ಮಾಡುದೂ ಅದೇ. ಮುಖ ನೋಡಿ "ಇವನಿಗೆ ಪರಿಣಾಮ ಇಲ್ಲ" ಅಂತ ಟಿಕ್ ಹಾಕಿದ್ರೆ ನಿಮ್ಮ ಡೇಟಾ ಹಾಳು.

ಸಿಟ್ಟು ಬಂದದ್ದು ಫಿಲ್ಮಿನ ಎರಡನೇ ಅರ್ಧದಲ್ಲಿ, ಕಾರಣಗಳನ್ನು ಒಂದೊಂದಾಗಿ ಬಿಚ್ಚಿ ಹೇಳುವಾಗ. ಟ್ಯಾಂಕ್ ತಣ್ಣಗಿಡುವ ರೆಫ್ರಿಜರೇಶನ್ ಬಂದ್ ಮಾಡಿಟ್ಟದ್ದು, ಗ್ಯಾಸ್ ಸುಡುವ ಫ್ಲೇರ್ ಟವರಿನ ಪೈಪ್ ಕಳಚಿದ್ದು, ಗ್ಯಾಸಿನ ವಿಷ ತೊಳೆಯುವ ಸ್ಕ್ರಬ್ಬರ್‌ಗೆ ಅಷ್ಟು ಗ್ಯಾಸ್ ತಡೀಲಿಕ್ಕೆ ಆಗದ್ದು, ಊರವರಿಗೆ ಕೇಳುವ ಸೈರನ್ ಸ್ವಲ್ಪ ಹೊತ್ತು ಹೊಡೆದು ನಿಲ್ಲಿಸಿದ್ದು. ಆಮೇಲೆ ಸರ್ಕಾರ ಮತ್ತೆ ಕಂಪನಿಯ 1989ರ ಪರಿಹಾರ ಒಪ್ಪಂದ 47 ಕೋಟಿ ಡಾಲರ್‌ಗೆ, ಮತ್ತೆ 2010 ಜೂನ್ 7ಕ್ಕೆ ಕಂಪನಿಯ ಭಾರತದ ಅಧಿಕಾರಿಗಳಿಗೆ 2 ವರ್ಷ ಸಜೆ ಆಗಿ ಅಲ್ಲೇ ಜಾಮೀನು. ಆಗ ಅಷ್ಟು ಹೊತ್ತು ಗಪ್‌ಚಿಪ್ ಇದ್ದ ಹಾಲಲ್ಲಿ ಬೈಗುಳ ಕೇಳ್ಳಿಕ್ಕೆ ಶುರು, ತುಳುವಿನಲ್ಲಿ, ಇಲ್ಲಿ ಬರೀಲಿಕ್ಕೆ ಆಗುದಿಲ್ಲ. ದುಃಖಕ್ಕೆ ಒಂದು ಮುಖ ಸಾಕು, ಸಿಟ್ಟಿಗೆ ಜವಾಬ್ದಾರಿ ಯಾರದ್ದು ಅಂತ ಗೊತ್ತಾಗ್ಬೇಕು.

ಇಲ್ಲಿ ಒಂದು ಟ್ರ್ಯಾಪ್. "ಮೊದಲೇ ಗೊತ್ತಾಗ್ಬೇಕಿತ್ತಲ್ಲ ಇವರಿಗೆ" ಅಂತ ಎಲ್ಲರೂ ಹೇಳಿದ ಕೂಡ್ಲೇ ಹಿಂಡ್‌ಸೈಟ್ ಬಯಾಸ್ (ಆದ ಮೇಲೆ ಮೊದಲೇ ಗೊತ್ತಿತ್ತು ಅನ್ಸುದು), ಫಿಶ್‌ಹಾಫ್, 1975 ಅಂತ ಬರೆದುಬಿಡ್ಬೇಡಿ. ಭೋಪಾಲಿನ ಪತ್ರಕರ್ತ ರಾಜ್‌ಕುಮಾರ್ ಕೇಸ್ವಾನಿ 1982ರಿಂದಲೇ ಈ ಫ್ಯಾಕ್ಟರಿ ಊರನ್ನು ಕೊಲ್ತದೆ ಅಂತ ಬರೀತಾ ಇದ್ರು. ನಿಜವಾಗ್ಲೂ ಮೊದಲೇ ಹೇಳಿದವರು ಇದ್ದಾಗ ಆ ಲೇಬಲ್ ಹಾಕಿದ್ರೆ ನ್ಯಾಯವಾದ ಸಿಟ್ಟನ್ನು ಕಾಯಿಲೆ ಅಂತ ಹೇಳಿದ ಹಾಗಾಗ್ತದೆ. ಬಯಾಸ್ ಬೇಕಾದ್ರೆ ಇನ್ನೊಂದು ಕಡೆ ಇತ್ತು, "ಫ್ಯಾಕ್ಟರಿ ಪಕ್ಕ ಗುಡಿಸಲು ಕಟ್ಟಿದ್ದು ಯಾಕೆ ಅವರು?" ಅಂತ ಒಬ್ಬ ಕೇಳಿದ. ಇದು ಲರ್ನರ್ ಹೇಳುವ ಜಸ್ಟ್ ವರ್ಲ್ಡ್, ಸತ್ತವರದ್ದೇ ಏನೋ ತಪ್ಪಿತ್ತು ಅಂತ ಮಾಡಿಕೊಂಡ್ರೆ ನನಗೆ ಹಾಗಾಗುದಿಲ್ಲ ಅಂತ ಧೈರ್ಯ.

ಭೋಪಾಲ್ ರೈಲ್ವೆ ಸ್ಟೇಷನ್ನಿನ ಡೆಪ್ಯುಟಿ ಸೂಪರಿಂಟೆಂಡೆಂಟ್ ಗುಲಾಮ್ ದಸ್ತಗೀರ್ ಆ ರಾತ್ರಿ ನಿಂತಿದ್ದ ಗೋರಖ್‌ಪುರ ರೈಲನ್ನು ಹೊತ್ತಿಗೆ ಮೊದಲೇ ಬಿಟ್ಟು ಒಳಗಿದ್ದವರನ್ನು ಉಳಿಸಿದ ಭಾಗಕ್ಕೆ ರೋಮಾಂಚ ಆಯ್ತು ಅಂದವರು ಸುಮಾರು ಜನ. ಇನ್ನೊಬ್ಬರ ಒಳ್ಳೇತನ ನೋಡಿ ಮನಸ್ಸು ಮೇಲೇಳುವ ಇದಕ್ಕೆ ಸೈಕಾಲಜಿಸ್ಟ್ ಜೊನಾಥನ್ ಹೈಟ್ ಎಲಿವೇಶನ್ ಅಂತಾನೆ, ಒಂದು ಲೈನ್ ಸಾಕು.

ಕೊನೆಗೆ ಬಂದದ್ದು ಹೆದರಿಕೆ, ಅದೂ ಫಿಲ್ಮ್ ಮುಗಿದ ಮೇಲೆ. ಸುರತ್ಕಲ್ ಬದಿಯವನೊಬ್ಬ ಕೇಳಿದ, "ಸರ್, ಬೈಕಂಪಾಡಿಯಲ್ಲಿ ಹೀಗಾದ್ರೆ ನಾವು ಎಲ್ಲಿಗೆ ಓಡುದು?" ಎಲ್ಲರೂ ತಿರುಗಿ ನೋಡಿದ್ರು. ಬೈಕಂಪಾಡಿ ಮಂಗಳೂರಿನ ಕೈಗಾರಿಕಾ ಪ್ರದೇಶ, ಹತ್ತಿರದ ಪಣಂಬೂರಿನಲ್ಲಿ ಗೊಬ್ಬರದ ಕಾರ್ಖಾನೆ ಉಂಟು, ಕುತ್ತೆತ್ತೂರಲ್ಲಿ ರಿಫೈನರಿ ಉಂಟು, ಹೈವೇಯಲ್ಲಿ ಗ್ಯಾಸ್ ಟ್ಯಾಂಕರ್ ಸಾಲು ಉಂಟು, ಪ್ರಶ್ನೆ ಸುಮ್ನೆ ಕೇಳಿದ್ದಲ್ಲ. ಕಿಮ್ ವಿಟ್ಟೆ 1992ರ ಮಾಡೆಲ್ ಇಲ್ಲಿಗೇ ಬೇಕಾದ್ದು: ಹೆದರಿಕೆ ಹುಟ್ಟಿಸಿ ಎಂತ ಮಾಡ್ಬೇಕು ಅಂತ ಹೇಳದಿದ್ರೆ ಜನ ಅಪಾಯ ಬಿಟ್ಟು ಹೆದರಿಕೆಯನ್ನು ಓಡಿಸ್ಲಿಕ್ಕೆ ನೋಡ್ತಾರೆ, ಮಾತು ಬದಲಿಸ್ತಾರೆ, ಮೀಮ್ ಮಾಡ್ತಾರೆ. ಮಾಡ್ಲಿಕ್ಕೆ ಆಗುವಂಥದ್ದು ಹೇಳಿದ್ರೆ ಕಲೀತಾರೆ. ಆ ದಿನ ಸರ್ ಬೋರ್ಡಲ್ಲಿ ಬಾಣ ಎಳೆದು ಹೇಳಿದ್ರು, ಗ್ಯಾಸ್ ಬಂದ್ರೆ ಗಾಳಿ ಹೋಗುವ ದಿಕ್ಕಿಗೆ ಓಡ್ಬಾರದು, ಅಡ್ಡಕ್ಕೆ ಹೋಗ್ಬೇಕು, ಮೂಗಿಗೆ ಒದ್ದೆ ಬಟ್ಟೆ ಹಿಡೀಬೇಕು, 1996ರ ರಾಸಾಯನಿಕ ಅಪಘಾತ ನಿಯಮದ ಪ್ರಕಾರ ಜಿಲ್ಲಾ ಮಟ್ಟದಲ್ಲಿ ಇದಕ್ಕೆ ಸಮಿತಿ ಇರ್ಬೇಕು, ಕಾರ್ಖಾನೆಯ ಹೊರಗಿನ ಜನಕ್ಕೂ ಎಮರ್ಜೆನ್ಸಿ ಪ್ಲಾನ್ ಇರ್ಬೇಕು ಅಂತ. ಅಷ್ಟು ಹೊತ್ತು ನೋಟ್ಸ್ ಬರೆಯದವರೂ ಅದನ್ನು ಬರೆದುಕೊಂಡ್ರು.

ಪ್ರಾಕ್ಟಿಕಲ್ ರೆಕಾರ್ಡ್ ಮಾಡುವವರು ಫಿಲ್ಮ್ ಮುಗಿದ ಕೂಡ್ಲೇ ಡಿಸ್ಕಶನ್‌ಗೆ ಬಿಡ್ಬೇಡಿ. ಮೊದಲು ಚೀಟಿ ಕೊಟ್ಟು, ಯಾವ ಶಾಟ್‌ಗೆ ಎಂತ ಅನ್ಸಿತು ಅಂತ ಹೆಸರಿಲ್ಲದೆ ಬರೆಸಿ. ಇಲ್ಲದಿದ್ರೆ ಮೊದಲು ಮಾತಾಡಿದವ "ನಂಗೆ ತುಂಬ ಬೇಜಾರಾಯ್ತು" ಅಂದ್ರೆ ಉಳಿದವರೂ ಅದನ್ನೇ ಹೇಳ್ತಾರೆ, ಸಿಟ್ಟು ಬಂದವನೂ, ನಕ್ಕವನೂ.