ಕುಡಿತ ಬಿಡಿಸುವ ಕೆಲಸ ಯಾವ ಇಲಾಖೆಯದು? ಸರ್ಕಾರಿ ವ್ಯಸನ ಚಿಕಿತ್ಸೆ ನಡೆದುಬಂದ ದಾರಿ

ತಾಲ್ಲೂಕು ಆಸ್ಪತ್ರೆಗಳ ಗಂಡಸರ ವಾರ್ಡಿನಲ್ಲಿ ಮೂರನೆಯ ರಾತ್ರಿ ಏನಾಗುತ್ತದೆ ಎಂಬುದನ್ನು ಅಲ್ಲಿನ ನರ್ಸ್‌ಗಳು ಚೆನ್ನಾಗಿ ಬಲ್ಲರು. ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡು ಬಂದವನು ಮೊದಲ ದಿನ ನೋವಿನಲ್ಲೇ ಕಳೆಯುತ್ತಾನೆ. ಎರಡನೆಯ ದಿನ ಕೈ ನಡುಗತೊಡಗುತ್ತದೆ, ಮೈ ಬೆವರುತ್ತದೆ, ಊಟ ಸೇರುವುದಿಲ್ಲ. ಮೂರನೆಯ ರಾತ್ರಿ ಹೊದಿಕೆಯ ಮೇಲೆ ಹುಳ ಹರಿದಾಡುತ್ತಿವೆ ಎಂದು ಕೊಡವಲು ಶುರುಮಾಡುತ್ತಾನೆ. ಅಂಥ ಒಬ್ಬರ ಎರಡೂ ಕೈಗಳನ್ನು ಬ್ಯಾಂಡೇಜ್ ಬಟ್ಟೆಯಿಂದ ಮಂಚದ ಕಂಬಿಗೆ ಕಟ್ಟಿದ್ದನ್ನು ನಾನು ಕಂಡಿದ್ದೇನೆ. ಪಕ್ಕದಲ್ಲಿ ನಿಂತಿದ್ದ ಹೆಂಡತಿ, ಗಾಳಿ ಸೋಕಿರಬಹುದೇ ಎಂದು ಕೇಳುತ್ತಿದ್ದರು.

ಸೋಕಿದ್ದು ಗಾಳಿಯಲ್ಲ. ದಿನವೂ ಕುಡಿಯುತ್ತಿದ್ದವರಿಗೆ ಮದ್ಯ ಒಮ್ಮೆಲೇ ನಿಂತರೆ ಬರುವ ಸನ್ನಿ ಅದು. ಚಿಕಿತ್ಸೆ ಸಿಗದಿದ್ದರೆ ಪ್ರಾಣಕ್ಕೇ ಕುತ್ತು. ನಡುಕ, ಸನ್ನಿ ತಗ್ಗಿಸುವ ಡಯಾಜೆಪಾಮ್ ಅಥವಾ ಲೊರಾಜೆಪಾಮ್, ಬಿ1 ವಿಟಮಿನ್ ಆದ ಥಯಮಿನ್ ಚುಚ್ಚುಮದ್ದು, ಕೆಲವು ದಿನಗಳ ನಿಗಾ ಸಿಕ್ಕರೆ ಬಹುಪಾಲು ಜನ ಪಾರಾಗುತ್ತಾರೆ. ಇವೆಲ್ಲ ಅಗ್ಗದ, ಹಳೆಯ ಔಷಧಗಳೇ. ಆದರೂ ಅಂದು ಆ ಹೆಂಡತಿಯ ಕೈಗೆ ಬಂದದ್ದು ದೊಡ್ಡಾಸ್ಪತ್ರೆಗೆ ಕರೆದೊಯ್ಯಿರಿ ಎಂಬ ಚೀಟಿ.

ಆ ಚೀಟಿಯ ಹಿಂದೆ ಅರ್ಧ ಶತಮಾನಕ್ಕೂ ಮೀರಿದ ಕಥೆಯಿದೆ.

ಮಾದಕ ಪಾನೀಯಗಳ ನಿಷೇಧಕ್ಕೆ ಸರ್ಕಾರ ಪ್ರಯತ್ನಿಸಬೇಕು ಎಂದು ಸಂವಿಧಾನದ 47ನೇ ವಿಧಿ ಹೇಳುತ್ತದೆ. ಮೈಸೂರು ರಾಜ್ಯದಲ್ಲಿದ್ದ ಪಾನನಿರೋಧ 1967ರಲ್ಲಿ ತೆರವಾಯಿತು, ಅಬಕಾರಿ ಬೊಕ್ಕಸದ ಆಧಾರಗಳಲ್ಲಿ ಒಂದಾಯಿತು, 1981ರ ಬೆಂಗಳೂರಿನ ಕಳ್ಳಭಟ್ಟಿ ದುರಂತ ಮುನ್ನೂರಕ್ಕೂ ಹೆಚ್ಚು ಜೀವಗಳನ್ನು ಬಲಿ ಪಡೆಯಿತು. ಈ ಅವಧಿಯುದ್ದಕ್ಕೂ ಚರ್ಚೆ ನಡೆದದ್ದು ಮಾರಬೇಕೇ, ಬೇಡವೇ ಎಂಬುದರ ಸುತ್ತ. ಈಗಾಗಲೇ ಕುಡಿತಕ್ಕೆ ಸಿಕ್ಕಿಬಿದ್ದವರನ್ನು ಎಲ್ಲಿಗೆ ಕರೆದೊಯ್ಯಬೇಕು ಎಂಬ ಪ್ರಶ್ನೆ ಯಾರ ಮೇಜಿಗೂ ಬರಲಿಲ್ಲ.

ಆ ಪ್ರಶ್ನೆ ಎದ್ದದ್ದು ಎಂಬತ್ತರ ದಶಕದಲ್ಲಿ, ಅದೂ ಹೆರಾಯಿನ್ ಹಾವಳಿಯ ಭಯದಿಂದ. 1985ರಲ್ಲಿ ಮಾದಕವಸ್ತು ನಿಯಂತ್ರಣ ಕಾಯ್ದೆ, ಎನ್‌ಡಿಪಿಎಸ್, ಬಂತು. ವ್ಯಸನಿಗಳಿಗೆ ಚಿಕಿತ್ಸಾ ಕೇಂದ್ರ ತೆರೆಯಲು ಅದೇ ಕಾಯ್ದೆಯ 71ನೇ ಸೆಕ್ಷನ್ ಸರ್ಕಾರಕ್ಕೆ ಅವಕಾಶ ಕೊಟ್ಟಿತು. ಅದೇ ಹೊತ್ತಿಗೆ, ವ್ಯಸನಮುಕ್ತಿ ಕೇಂದ್ರಗಳನ್ನು ನಡೆಸುವ ಸ್ವಯಂಸೇವಾ ಸಂಸ್ಥೆಗಳಿಗೆ ಅನುದಾನ ಕೊಡುವ ಯೋಜನೆ ಕೇಂದ್ರದ ಸಮಾಜ ಕಲ್ಯಾಣದ ಪಾಲಿಗೆ ಹೋಯಿತು. 1988ರಲ್ಲಿ ಆರೋಗ್ಯ ಇಲಾಖೆ ಸರ್ಕಾರಿ ಆಸ್ಪತ್ರೆಗಳಿಗಾಗಿ ತನ್ನದೇ ಕಾರ್ಯಕ್ರಮ ಆರಂಭಿಸಿತು. ಹಿಡಿಯುವುದು ಪೊಲೀಸರ ಕೆಲಸ, ಪುನರ್ವಸತಿ ಸಮಾಜ ಕಲ್ಯಾಣದ್ದು, ಔಷಧ ಆರೋಗ್ಯ ಇಲಾಖೆಯದು, ಮಾರಾಟ ಅಬಕಾರಿಯದು. ನಮ್ಮ ರಾಜ್ಯದಲ್ಲಿ ಇವುಗಳ ಜೊತೆಗೆ ಜಾಗೃತಿಗೆಂದು ಮದ್ಯಪಾನ ಸಂಯಮ ಮಂಡಳಿಯೂ ಇದೆ. ಒಬ್ಬನೇ ರೋಗಿ ಇಷ್ಟೊಂದು ಕಡತಗಳಲ್ಲಿ ಹರಿದು ಹಂಚಿಹೋದ. ಇಂದಿನ ಗೋಜಲಿನ ಬೇರು ಇಲ್ಲಿದೆ ಎಂದು ನನಗೆ ಅನ್ನಿಸುತ್ತದೆ.

ಕರ್ನಾಟಕಕ್ಕೆ ಒಂದು ಭಾಗ್ಯವಿತ್ತು. ನಿಮ್ಹಾನ್ಸ್‌ನಲ್ಲಿ 1991ರಲ್ಲಿ ಪ್ರತ್ಯೇಕ ವ್ಯಸನಮುಕ್ತಿ ಕೇಂದ್ರ ಶುರುವಾಯಿತು. ಅದಕ್ಕೂ ಮೊದಲೇ, 1985ರ ಸುಮಾರಿಗೆ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೇ ಮಾನಸಿಕ ಕಾಯಿಲೆಗಳನ್ನು ಗುರುತಿಸಿ ಔಷಧ ಕೊಡುವ ಪ್ರಯೋಗ ಬಳ್ಳಾರಿ ಜಿಲ್ಲೆಯಲ್ಲಿ ನಡೆದು, ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಗಿತ್ತು. ಹಳ್ಳಿಗೆ ಚಿಕಿತ್ಸೆ ಒಯ್ಯುವ ವಿಧಾನ ಹೀಗೆ ನಮ್ಮ ನೆಲದಲ್ಲೇ ರೂಪುಗೊಂಡಿತ್ತು. ಕುಡಿತದ ವಿಷಯದಲ್ಲಿ ಮಾತ್ರ ಅದು ಅರ್ಧಕ್ಕೇ ನಿಂತಿತು.

ಅರ್ಧಕ್ಕೆ ನಿಂತದ್ದು ಎದ್ದು ಕಂಡದ್ದು 2007ರಲ್ಲಿ. ಆ ವರ್ಷ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಪ್ಯಾಕೆಟ್ ಸಾರಾಯಿ ಕಂಡವರಿಗೆ ಆ ದಿನದ ಮಹತ್ವ ಗೊತ್ತು. ಕೂಲಿ ಕೈಗೆ ಬೀಳುವ ಜಾಗದಲ್ಲೇ ಅಂಗಡಿ ಇರುತ್ತಿತ್ತು, ಹಲ್ಲಿನಿಂದ ಮೂಲೆ ಕಚ್ಚಿ ಹೀರಿ ಎಸೆದ ಪ್ಲಾಸ್ಟಿಕ್ ಚೀಲಗಳು ಚರಂಡಿ ತುಂಬಿರುತ್ತಿದ್ದವು. ಎಷ್ಟೋ ಊರುಗಳ ಹೆಣ್ಣುಮಕ್ಕಳು ಬೀದಿಗಿಳಿದು ಕೇಳಿದ್ದ ನಿಷೇಧ ಅದು. ಆ ಸಂಭ್ರಮ ಸುಳ್ಳಲ್ಲ. ಆದರೆ ಮಾರನೆಯ ಬೆಳಿಗ್ಗೆ ಕೈ ನಡುಗುತ್ತಾ ಎದ್ದವರಿಗೆ ಎಲ್ಲಿ ಹಾಸಿಗೆ, ಯಾವ ಔಷಧ, ಯಾರು ವೈದ್ಯರು ಎಂಬ ಸಿದ್ಧತೆ ನಿಷೇಧದ ಜೊತೆಗೆ ಬರಲಿಲ್ಲ. ಕುಡಿಯುತ್ತಿದ್ದವರು ಅಗ್ಗದ ವಿಸ್ಕಿ, ರಮ್ಮಿನತ್ತ ಹೊರಳಿದರು. ತೊಂಬತ್ತು ಮಿಲಿಲೀಟರಿನ ಪೊಟ್ಟಣ ಸಾರಾಯಿ ಪ್ಯಾಕೆಟ್ಟಿನ ಜಾಗಕ್ಕೆ ಬಂತು.

ಸರ್ಕಾರಿ ಸೇವೆ ತಲುಪದ ಕಡೆ ಬೇರೆಯವರು ತಲುಪಿದರು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಊರೂರಲ್ಲಿ ನಡೆಸಿದ ಎಂಟು ದಿನಗಳ ಮದ್ಯವರ್ಜನ ಶಿಬಿರಗಳ ಬ್ಯಾನರು ನೋಡದ ಕನ್ನಡಿಗರು ಕಡಿಮೆ. ಕುಡುಕ ಎಂದು ಊರೇ ಕೈಬಿಟ್ಟವನನ್ನು ಹೆಸರು ಹಿಡಿದು ಕರೆದು ಎದುರು ಕೂರಿಸಿಕೊಂಡದ್ದು ಅವುಗಳ ಬಲ. ಮನೆಯವರನ್ನೂ ಜೊತೆಗೆ ಸೇರಿಸಿಕೊಂಡು, ಬಿಟ್ಟವರದ್ದೇ ಒಂದು ಸಮಿತಿ ಕಟ್ಟುವುದು ಇನ್ನೊಂದು ಬಲ. ಆದರೆ ಕುಡಿತದ ಚಟ ಸಕ್ಕರೆ ಕಾಯಿಲೆಯಂತೆ ವರ್ಷಗಟ್ಟಲೆ ನೋಡಿಕೊಳ್ಳಬೇಕಾದದ್ದು. ಒಂಬತ್ತನೆಯ ದಿನದಿಂದ ಮಾತ್ರೆ ಬರೆಯಲು, ಮತ್ತೆ ಕುಡಿದಾಗ ಬೈಯದೆ ಮಾತಾಡಿಸಲು ಹತ್ತಿರದಲ್ಲೇ ಒಬ್ಬ ವೈದ್ಯರು ಇರಬೇಕು. ಶಿಬಿರದಿಂದ ಅದನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ಇನ್ನೊಂದೆಡೆ ಖಾಸಗಿ ಕೇಂದ್ರಗಳು ಬೆಳೆದವು. ಅವುಗಳಲ್ಲಿ ಒಳ್ಳೆಯವೂ ಇವೆ. ಬಾಗಿಲಿಗೆ ಬೀಗ ಹಾಕಿ, ಮನೆಯವರ ಮಾತಿನ ಮೇಲೆ ಮನುಷ್ಯನನ್ನು ರಾತ್ರೋರಾತ್ರಿ ಎತ್ತಿಕೊಂಡು ಬರುವಂಥವೂ ಇವೆ. ಗೋಡೆಗಳ ಮೇಲೆ, ಬಸ್ಸಿನ ಸೀಟಿನ ಹಿಂದೆ ‘ಕುಡಿತ ಬಿಡಿಸಲಾಗುವುದು, ಅವರಿಗೆ ತಿಳಿಯದಂತೆ’ ಎಂಬ ಜಾಹೀರಾತು. ಇದು ಅಪಾಯದ ಮಾತು. ಕುಡಿತ ಬಿಡಿಸಲು ಬಳಸುವ ಡೈಸಲ್ಫಿರಾಮ್ ಮಾತ್ರೆಯನ್ನು ಸಾರಿನಲ್ಲಿ ಗುಟ್ಟಾಗಿ ಬೆರೆಸಿಕೊಟ್ಟು, ಅದರ ಮೇಲೆ ಅವರು ಕುಡಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯವಾಗಬಹುದು.

2018ರ ಮೇ ತಿಂಗಳಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಈ ಚಿತ್ರವನ್ನು ಕಾಗದದ ಮೇಲಾದರೂ ಬದಲಿಸಿತು. ಮದ್ಯ, ಮಾದಕವಸ್ತುಗಳಿಂದಾಗುವ ಮಾನಸಿಕ ತೊಂದರೆಯೂ ಮಾನಸಿಕ ಕಾಯಿಲೆ ಎಂದು ಅದು ಬರೆಯಿತು. ಹಾಗಾಗಿ ವ್ಯಸನಮುಕ್ತಿ ಕೇಂದ್ರಗಳ ನೋಂದಣಿ ಕಡ್ಡಾಯ, ರೋಗಿಯ ಒಪ್ಪಿಗೆ ಮುಖ್ಯ, ಸರಪಳಿಯಲ್ಲಿ ಕಟ್ಟುವುದು ಅಪರಾಧ. ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆಯುವುದು ದಯೆಯಲ್ಲ, ಹಕ್ಕು ಎಂದು ಹೇಳಿದ ಮೊದಲ ಕಾನೂನು ಇದು.

ಮರುವರ್ಷ, ದೆಹಲಿಯ ಏಮ್ಸ್‌ನ ರಾಷ್ಟ್ರೀಯ ಸಮೀಕ್ಷೆ ಆ ಹಕ್ಕು ಎಷ್ಟು ಜನರಿಗೆ ದಕ್ಕಿದೆ ಎಂದು ತೋರಿಸಿತು. ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ, ಅವರಲ್ಲಿ 5.7 ಕೋಟಿ ಜನರಿಗೆ ನೆರವು ಬೇಕು. ಮದ್ಯಕ್ಕೆ ಅಂಟಿಕೊಂಡ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ, ಒಳರೋಗಿಯಾಗಿ ಚಿಕಿತ್ಸೆ ಸಿಕ್ಕಿದ್ದು 180ರಲ್ಲಿ ಒಬ್ಬರಿಗೆ. ಅದೇ 2019ರ ಜನವರಿಯಲ್ಲಿ ಸಾವಿರಾರು ಮಹಿಳೆಯರು ಮದ್ಯ ನಿಷೇಧ ಕೇಳುತ್ತಾ ಚಿತ್ರದುರ್ಗದಿಂದ ಬೆಂಗಳೂರಿಗೆ ಇನ್ನೂರು ಕಿಲೋಮೀಟರ್ ನಡೆದುಬಂದರು. ಅವರ ಬೇಡಿಕೆಯನ್ನು ಒಪ್ಪದವರೂ ಆ ಕಾಲುಗಳ ಬೊಬ್ಬೆಗಳಿಗೆ ಉತ್ತರ ಕೊಡಬೇಕಿತ್ತು.

2020ರ ಲಾಕ್‌ಡೌನ್ ಬೇರೆಯದೇ ಪರೀಕ್ಷೆ ಒಡ್ಡಿತು. ಮಾರ್ಚ್ ಕೊನೆಯಿಂದ ಮೇ 4ರವರೆಗೆ ಮದ್ಯದಂಗಡಿಗಳು ಮುಚ್ಚಿದವು. ತೀವ್ರ ನಡುಕ, ಸನ್ನಿಯಿಂದ ಬೆಂಗಳೂರಿನ ಆಸ್ಪತ್ರೆಗಳಿಗೆ ಬಂದವರ ಸಂಖ್ಯೆ ಏರಿತು. 2007ರಲ್ಲಿ ಇರದಿದ್ದ ಸಿದ್ಧತೆ ಆಗಲೂ ಇರಲಿಲ್ಲ.

ಈಗ ಯೋಜನೆಗಳು ಹಲವು: ನಶಾಮುಕ್ತ ಭಾರತ ಅಭಿಯಾನ, ವ್ಯಸನಮುಕ್ತಿಗೆ 14446 ಸಹಾಯವಾಣಿ, ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್‌ನ 14416, ಸರ್ಕಾರಿ ಆಸ್ಪತ್ರೆಗಳಲ್ಲೇ ವ್ಯಸನ ಚಿಕಿತ್ಸಾ ಘಟಕ ತೆರೆಯುವ ಕೇಂದ್ರದ ಕಾರ್ಯಕ್ರಮ. ಗಾಂಜಾ, ಎಂಡಿಎಂಎಯಂಥ ಮಾದಕವಸ್ತುಗಳ ಸುದ್ದಿಯ ಅಬ್ಬರದಲ್ಲಿ ಮದ್ಯದ ಮಾತು ಹಿಂದೆ ಸರಿದಿದೆ. 2025-26ರ ರಾಜ್ಯ ಬಜೆಟ್‌ನಲ್ಲಿ ಅಬಕಾರಿಯ ಗುರಿ 40,000 ಕೋಟಿ ರೂಪಾಯಿ. ಅದರಲ್ಲಿ ಸಣ್ಣದೊಂದು ಪಾಲನ್ನು ಚಿಕಿತ್ಸೆಗೆಂದೇ ತೆಗೆದಿಡಬೇಕು ಎಂಬ ವಾದ ನನಗೆ ಸರಿಯೆನಿಸುತ್ತದೆ.

ಹೊಸ ಕಟ್ಟಡ ಬೇಡ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ವ್ಯವಸ್ಥೆ ಆಗಲೇ ಇದೆ. ಉಳಿದ ದಿನಗಳಲ್ಲಿ ಅಲ್ಲಿನ ಸಾಮಾನ್ಯ ವೈದ್ಯರಿಗೆ ಡಯಾಜೆಪಾಮ್‌ನಂಥ ಆ ಹಳೆಯ ಔಷಧಗಳನ್ನು ಬಳಸುವ ತರಬೇತಿ, ಧೈರ್ಯ ಬೇಕು. ವಾರ್ಡಿನಲ್ಲಿ ನಾಲ್ಕು ಹಾಸಿಗೆ, ಮನೆಗೆ ಹೋದವರನ್ನು ಫೋನು ಮಾಡಿ ವಿಚಾರಿಸುವ ಒಬ್ಬ ಆಪ್ತಸಮಾಲೋಚಕಿ, ಔಷಧಾಲಯದಲ್ಲಿ ಖಾಲಿಯಾಗದ ಥಯಮಿನ್ ಬೇಕು. ಆ ರಾತ್ರಿ ಚೀಟಿ ಹಿಡಿದು ನಿಂತಿದ್ದ ಹೆಂಗಸು ಕೇಳಿದ್ದು ಇಷ್ಟೇ: “ಇಲ್ಲೇ ಆಗೋದಿಲ್ವಾ ಸಾರ್?”