ಹೊಸ ವಿಷಯ ಬೇಡ, ಹಳೇ ಲೆಕ್ಕ ಹಿಡಿಯಿರಿ

ಹವಾಮಾನ ಬದಲಾವಣೆ ಬಗ್ಗೆ ಸಂಶೋಧನೆ ಮಾಡಬೇಕು ಅಂತ ಬರುವ ವಿದ್ಯಾರ್ಥಿಗಳು ಮೊದಲು ಕೇಳುವುದು, ಯಾವ ಹೊಸ ವಿಷಯ ತಗೊಳ್ಳಲಿ ಅಂತ. ಯಾರೋ ಶುರು ಮಾಡಿ ವರ್ಷಾನುಗಟ್ಟಲೆ ಅಳೆದು ಬರೆದಿಡುತ್ತಾ ಬಂದಿರುವ ಹಳೇ ಲೆಕ್ಕ ಹುಡುಕಿ, ಅದನ್ನು ಮುಂದುವರಿಸಿ ಅಂತ ನಾನು ಹೇಳುತ್ತೇನೆ.

ಪಿಎಚ್‌ಡಿ ಐದಾರು ವರ್ಷ. ಅನುದಾನ ಎಷ್ಟೋ ಸಲ ಮೂರೇ ವರ್ಷ. ಒಂದು ವರ್ಷ ಮಳೆ ಕೈಕೊಡುತ್ತದೆ, ಇನ್ನೊಂದು ವರ್ಷ ಜಾಸ್ತಿ ಸುರಿಯುತ್ತದೆ, ಹಾಗಿರುವಾಗ ಇಷ್ಟು ಸಮಯದಲ್ಲಿ ಕಂಡದ್ದು ಹವಾಮಾನ ಬದಲಾವಣೆಯೋ ಆ ವರ್ಷದ ಏರಿಳಿತವೋ ಹೇಳುವುದು ಕಷ್ಟ. ಇಂಗ್ಲೆಂಡಿನ ವೈಥಮ್ ಕಾಡಿನಲ್ಲಿ 1947ರಿಂದ ಗ್ರೇಟ್ ಟಿಟ್ ಹಕ್ಕಿಗಳ ಗೂಡುಗಳನ್ನು ನೋಡಿ ಬರೆದಿಡುತ್ತಿದ್ದಾರೆ. ಶುರು ಮಾಡಿದವರ ತಲೆಯಲ್ಲಿ ಹವಾಮಾನ ಬದಲಾವಣೆ ಇರಲೇ ಇಲ್ಲ, ಹಕ್ಕಿಗಳ ಸಂಖ್ಯೆ ಯಾಕೆ ಏರಿಳಿಯುತ್ತದೆ ಅನ್ನುವುದು ಅವರ ಪ್ರಶ್ನೆ. ಆ ದಾಖಲೆ ಇದ್ದದ್ದಕ್ಕೇ, 1960ರ ದಶಕಕ್ಕಿಂತ ಸುಮಾರು ಎರಡು ವಾರ ಮೊದಲೇ ಅವು ಮೊಟ್ಟೆ ಇಡುತ್ತಿವೆ ಅಂತ ಗೊತ್ತಾಯಿತು.

ಇಂಥ ಲೆಕ್ಕ ಇಡುವವರ ದಿನದ ಕೆಲಸ ಹೇಗಿರುತ್ತದೆ ನೋಡಿ. ಕಾಡಿನ ಪ್ಲಾಟ್‌ನಲ್ಲಿ, ಅಂದರೆ ಅಳತೆಗೆಂದೇ ಗುರುತು ಮಾಡಿಟ್ಟ ಜಾಗದಲ್ಲಿ, ಮರದ ಸುತ್ತಳತೆ ತೆಗೆಯುವುದು ನೆಲದಿಂದ 1.3 ಮೀಟರ್ ಎತ್ತರದಲ್ಲಿ. ಕಾಂಡಕ್ಕೆ ಹಬ್ಬಿದ ಬಳ್ಳಿಯನ್ನು ಎತ್ತಿ, ಅದರ ಅಡಿಯಿಂದ ಟೇಪ್ ತೂರಿಸಿ, ಓರೆಯಾಗದಂತೆ ಎಳೆದು ಹಿಡಿಯಬೇಕು. ಅಲ್ಲಿ ಗಂಟಿದ್ದರೆ ಸ್ವಲ್ಪ ಮೇಲೆ ಅಳೆದು, ಆ ಎತ್ತರವನ್ನೂ ಬರೆದು, ಬಣ್ಣದ ಗುರುತು ಹಾಕಬೇಕು. ಎಷ್ಟೋ ಮರಗಳು ವರ್ಷಕ್ಕೆ ಕೆಲವೇ ಮಿಲಿಮೀಟರ್ ದಪ್ಪವಾಗುತ್ತವೆ. ಐದು ವರ್ಷದ ನಂತರ ಬಂದವರು ನಾಲ್ಕು ಬೆರಳು ಮೇಲೆ ಟೇಪ್ ಸುತ್ತಿದರೆ, ಬೆಳೆದ ಮರವೂ ಸಣ್ಣಗಾದಂತೆ ಕಾಣುತ್ತದೆ. ಬೇಜಾರಿನ ಕೆಲಸ ಅಂತ ಅನ್ನಿಸಬಹುದು, ನನಗಂತೂ ಇಡೀ ವೃತ್ತಿಯಲ್ಲಿ ಇದಕ್ಕಿಂತ ಮುಖ್ಯವಾದ ಕೆಲಸ ಕಂಡಿಲ್ಲ.

ಆದರೆ ಅನುದಾನಕ್ಕೆ ಅರ್ಜಿ ಹಾಕಿದಾಗ ಬರುವ ಪ್ರಶ್ನೆ, ಇದರಲ್ಲಿ ಹೊಸದೇನಿದೆ ಅಂತ. ಹವಾಯಿಯ ಮೌನಾ ಲೋವಾ ಪರ್ವತದಲ್ಲಿ ವಿಜ್ಞಾನಿ ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಶುರು ಮಾಡಿದ, ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಅಳತೆ ಕೂಡ 1964ರಲ್ಲಿ ದುಡ್ಡಿಲ್ಲದೆ ಕೆಲವು ತಿಂಗಳು ನಿಂತಿತ್ತು. ಆ ತಿಂಗಳುಗಳ ಅಳತೆಯನ್ನು ಈಗ ಯಾರೂ ತರಲಾರರು, ಅಲ್ವಾ? ಬಡ್ತಿ ಕೊಡುವ ಸಮಿತಿಗಳು ಪ್ರಬಂಧಗಳನ್ನು ಎಣಿಸುವ ಹಾಗೆ, ಕಾಪಾಡಿಕೊಂಡು ಬಂದ ದತ್ತಾಂಶವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹಾಗಾಗಿ ಗೈಡ್ ಆರಿಸಿಕೊಳ್ಳುವಾಗ ಸುಮ್ನೆ ಹೆಸರು ನೋಡಬೇಡಿ. ಅವರ ಹತ್ತಿರ ಎಷ್ಟು ವರ್ಷದ ದತ್ತಾಂಶ ಇದೆ, ಅದನ್ನು ಬಳಸಲು ನಿಮಗೆ ಬಿಡುತ್ತಾರಾ, ಅಳತೆಯ ವಿಧಾನವನ್ನು ಬರೆದಿಟ್ಟಿದ್ದಾರಾ ಅಂತ ಕೇಳಿ. ಎಲೆ, ತೊಗಟೆ ನೋಡಿಯೇ ಮರ ಗುರುತಿಸುವ ಫೀಲ್ಡ್ ಸಹಾಯಕರ ಹೆಸರು ಪ್ರಬಂಧದಲ್ಲಿ ಬರುತ್ತದಾ ಅನ್ನುವುದನ್ನೂ ಕೇಳಿ. ಸ್ಟಾಟಿಸ್ಟಿಕ್ಸ್ ಮೊದಲ ವರ್ಷವೇ ಕಲಿಯಿರಿ, ಮುಂದಕ್ಕೆ ಹಾಕಬೇಡಿ.